ಮ್ಯಾನೇಜರ್‌ಗಳ ಕೈಗೆ ಸಂಶೋಧನೆ ತಲುಪಿಸುವುದು ಹೇಗೆ? ಪೇಪರ್ ಹಂಚಿದರೆ ಯಾರೂ ಓದುವುದಿಲ್ಲ

ದಾರಿಬುತ್ತಿ

ಎಲ್ಲರಿಗೂ ನಮಸ್ಕಾರ. ತಾಂತ್ರಿಕ ತಂಡ ನಡೆಸುವ ಸುಮಾರು 40 ಮ್ಯಾನೇಜರ್‌ಗಳಿಗೆ ಎಂಜಿನಿಯರಿಂಗ್ ಮ್ಯಾನೇಜ್‌ಮೆಂಟ್ ಸಂಶೋಧನೆ ತಲುಪಿಸಬೇಕು ಅಂದರೆ ಎಲ್ಲಿಂದ ಶುರು ಮಾಡಬೇಕು? ಇವರೆಲ್ಲ ಡಿಸೈನ್, ಟೆಸ್ಟಿಂಗ್, ಸಾಫ್ಟ್‌ವೇರ್ ಕೆಲಸ ಮಾಡಿಯೇ ಮೇಲೆ ಬಂದವರು. ಸೂತ್ರ ಕಂಡರೆ ಹೆದರುವವರಲ್ಲ. ಆದರೂ ತಿಂಗಳಿಗೊಮ್ಮೆ ಪೇಪರ್ ಪಟ್ಟಿ ಮೇಲ್ ಮಾಡುವುದು, ಸಾರಾಂಶ ಬರೆದು ಹಂಚುವುದು, ಪ್ರಾಧ್ಯಾಪಕರನ್ನು ಕರೆಸಿ ಒಂದು ಗಂಟೆ ಉಪನ್ಯಾಸ ಇಡಿಸುವುದು, ಈ ಮೂರರಿಂದಲೂ ಏನೂ ಬದಲಾಗುವುದಿಲ್ಲ. ಉಪನ್ಯಾಸ ಚೆನ್ನಾಗಿತ್ತು ಅನ್ನುತ್ತಾರೆ. ಸೋಮವಾರ ಮತ್ತೆ ಹಳೇ ರೀತಿಯಲ್ಲೇ ಎಸ್ಟಿಮೇಟ್ ಕೇಳುತ್ತಾರೆ.

ಯಾವುದನ್ನು ಆರಿಸಬೇಕು, ಯಾವ ರೂಪದಲ್ಲಿ ಕೊಡಬೇಕು, ಉಪಯೋಗವಾಯಿತೋ ಇಲ್ಲವೋ ಅಂತ ಹೇಗೆ ಗೊತ್ತಾಗಬೇಕು? ಈ ಮೂರನ್ನು ಬಲ್ಲವರು ವಿವರವಾಗಿ ಬರೆದರೆ ಉಪಕಾರ. ಸಾಮಾನ್ಯ ಸಲಹೆಗಿಂತ ಹಂತ, ಸಮಯ, ಲೆಕ್ಕ ಬೇಕು.

ಸರತಿಸಾಲು

ಪೇಪರ್‌ನಿಂದ ಶುರು ಮಾಡಬೇಡಿ, ನಿರ್ಧಾರದಿಂದ ಶುರು ಮಾಡಿ. ಮ್ಯಾನೇಜರ್ ಮುಂದಿನ ಎರಡು ವಾರದಲ್ಲಿ ಹೇಗಿದ್ದರೂ ತೆಗೆದುಕೊಳ್ಳಲೇಬೇಕಾದ ನಿರ್ಧಾರಗಳು ಇರುತ್ತವೆ: ಇನ್ನೊಬ್ಬರನ್ನು ತಂಡಕ್ಕೆ ಹಾಕಬೇಕೇ, ಹೊಸ ಕೆಲಸ ಒಪ್ಪಿಕೊಳ್ಳಬೇಕೇ, ತಡವಾಗಿರುವ ಪ್ರಾಜೆಕ್ಟಿಗೆ ಯಾವ ತಾರೀಕು ಕೊಡಬೇಕು, ಇಂಟರ್‌ವ್ಯೂ ಹೇಗೆ ನಡೆಸಬೇಕು. ಹತ್ತು ಮ್ಯಾನೇಜರ್‌ಗಳ ಹತ್ತಿರ ತಲಾ 20 ನಿಮಿಷ ಕೂತು ಒಂದೇ ಪ್ರಶ್ನೆ ಕೇಳಿ: "ಈ ತಿಂಗಳು ಯಾವ ನಿರ್ಧಾರದ ಬಗ್ಗೆ ನಿಮಗೆ ಧೈರ್ಯವಿಲ್ಲ?" ಬಂದ ಉತ್ತರಗಳನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. 25–30 ಸಾಲು ಸಿಗುತ್ತವೆ, ಗುಂಪು ಮಾಡಿದರೆ ಆರೇಳಕ್ಕೆ ಇಳಿಯುತ್ತವೆ. ಅದೇ ನಿಮ್ಮ ವರ್ಷದ ಪಠ್ಯ.

ಇಲ್ಲಿ ಆಗುವ ತಪ್ಪು ಒಂದಿದೆ. "ಯಾವ ವಿಷಯ ತಿಳಿಯಲು ಇಷ್ಟ?" ಅಂತ ಕೇಳಿಬಿಡುತ್ತಾರೆ. ಆಗ ನಾಯಕತ್ವ, ಇನೊವೇಶನ್, ಕೃತಕ ಬುದ್ಧಿಮತ್ತೆ ಅಂತ ದೊಡ್ಡ ದೊಡ್ಡ ಪದಗಳು ಬರುತ್ತವೆ. ಅದಕ್ಕೆ ಪೇಪರ್ ಹುಡುಕಿದರೆ ನೂರಾರು ಸಿಗುತ್ತವೆ, ಒಂದೂ ಕೆಲಸಕ್ಕೆ ಹತ್ತುವುದಿಲ್ಲ.

ಹತ್ತಿರದಿಂದ ನೋಡಲು ಒಂದು ಉದಾಹರಣೆ ಕೊಡುತ್ತೇನೆ. "ಕೆಲಸ ಮುಗಿಯಲು ಯಾಕೆ ಇಷ್ಟು ದಿನ ಹಿಡಿಯುತ್ತದೆ" ಅನ್ನುವುದು ಪಟ್ಟಿಯಲ್ಲಿ ಬಂದೇ ಬರುತ್ತದೆ. ಅದಕ್ಕೆ ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ನಿಯಮ ಸಾಕು. ಕೈಯಲ್ಲಿ ತೆರೆದಿರುವ ಕೆಲಸಗಳ ಸರಾಸರಿ ಸಂಖ್ಯೆ = ಮುಗಿಯುವ ವೇಗ × ಒಂದು ಕೆಲಸ ಒಳಗಿರುವ ಸರಾಸರಿ ಸಮಯ. 36 ಕೆಲಸ ತೆರೆದಿವೆ, ವಾರಕ್ಕೆ 4 ಮುಗಿಯುತ್ತವೆ ಅಂದರೆ ಒಂದು ಕೆಲಸ ಸರಾಸರಿ 9 ವಾರ ಒಳಗಿರುತ್ತದೆ. ತೆರೆದ ಕೆಲಸ 20ಕ್ಕೆ ಇಳಿಸಿ, ಮುಗಿಯುವ ವೇಗ ಅಷ್ಟೇ ಉಳಿಸಿಕೊಂಡರೆ 5 ವಾರ. ಯಾರೂ ಹೆಚ್ಚು ಹೊತ್ತು ಕೂತು ದುಡಿಯಬೇಕಾಗಿಲ್ಲ.

ಇದನ್ನು ಇಷ್ಟಕ್ಕೇ ನಿಲ್ಲಿಸಿ ಕೊಟ್ಟರೆ ಎರಡು ತಿಂಗಳಲ್ಲಿ "ಇದು ನಮಗೆ ಹೊಂದುವುದಿಲ್ಲ" ಅನ್ನುತ್ತಾರೆ. ಕಾರಣಗಳು ಇವು. ಕೈಬಿಟ್ಟ ಕೆಲಸಗಳನ್ನು ಮುಚ್ಚದೆ ಪಟ್ಟಿಯಲ್ಲೇ ಬಿಟ್ಟಿರುತ್ತಾರೆ, ಹಾಗಾಗಿ 36 ಅನ್ನುವ ಅಂಕಿಯೇ ಸುಳ್ಳು. ಅಥವಾ 16 ಕೆಲಸಗಳನ್ನು "ತಡೆಹಿಡಿದಿದೆ" ಅಂತ ಬೇರೆ ಕಾಲಂಗೆ ಸರಿಸಿ 20 ಮಾಡುತ್ತಾರೆ. ಕಾಯುವಿಕೆ ಎಲ್ಲಿಗೂ ಹೋಗಲಿಲ್ಲ, ಬಾಗಿಲಿನ ಆಚೆ ನಿಂತಿತು, ಅಷ್ಟೇ. ಕೆಲಸ ಕೊಟ್ಟವರ ಲೆಕ್ಕದಲ್ಲಿ ಇನ್ನೂ 9 ವಾರವೇ. ಒಳಬರುವ ಗೆರೆ ಎಲ್ಲಿ, ಹೊರಹೋಗುವ ಗೆರೆ ಎಲ್ಲಿ ಅಂತ ಮೊದಲೇ ಬರೆದಿಟ್ಟು, ಮೂರೂ ಅಂಕಿಗಳನ್ನು ಅದೇ ಎರಡು ಗೆರೆಗಳ ನಡುವೆ ಎಣಿಸಬೇಕು. ಜೊತೆಗೆ ಇದು ಸರಾಸರಿಯ ಮಾತು. ನಿರ್ದಿಷ್ಟ ಒಂದು ಕೆಲಸ ಯಾವತ್ತು ಮುಗಿಯುತ್ತದೆ ಅಂತ ಇದು ಹೇಳುವುದಿಲ್ಲ. ಬರುವ ಕೆಲಸ ಮುಗಿಯುವ ಕೆಲಸಕ್ಕಿಂತ ತಿಂಗಳುಗಟ್ಟಲೆ ಹೆಚ್ಚಿದ್ದರೆ ಆ ಸರಾಸರಿಗೂ ಅರ್ಥವಿಲ್ಲ.

ನನ್ನ ಅಭಿಪ್ರಾಯ ಇಷ್ಟು: ಫಲಿತಾಂಶದ ಜೊತೆ ಅದರ ಷರತ್ತನ್ನೂ ಅದೇ ಹಾಳೆಯಲ್ಲಿ, ಅದೇ ಗಾತ್ರದ ಅಕ್ಷರದಲ್ಲಿ ಕೊಡಬೇಕು. ಸಾರಾಂಶ ಬರೆಯುವವರು ಮೊದಲು ಕತ್ತರಿಸುವುದು ಷರತ್ತನ್ನೇ.

ಅಳತೆಗೋಲು

ಸರತಿಸಾಲು ಅವರ ಕೊನೆಯ ಮಾತಿಗೆ ನನ್ನ ಪೂರ್ಣ ಸಹಮತ. ಷರತ್ತು ಯಾಕೆ ಮುಖ್ಯ ಅನ್ನುವುದಕ್ಕೆ ಫೀಡ್‌ಬ್ಯಾಕ್ ಸಂಶೋಧನೆಯೇ ಸಾಕ್ಷಿ. ಕ್ಲೂಗರ್ ಮತ್ತು ಡಿನೈಸಿ 1996ರಲ್ಲಿ 607 ಪರಿಣಾಮ ಅಳತೆಗಳನ್ನು ಒಟ್ಟುಗೂಡಿಸಿ ನೋಡಿದರು. ಸರಾಸರಿ ಪರಿಣಾಮ 0.41 (ಮಾನಕ ವಿಚಲನೆಯ ಲೆಕ್ಕದಲ್ಲಿ), ಅಂದರೆ ಫೀಡ್‌ಬ್ಯಾಕ್‌ನಿಂದ ಕೆಲಸ ಸುಧಾರಿಸುತ್ತದೆ. ಆದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಕೆಲಸ ಕೆಟ್ಟಿತ್ತು. ಫೀಡ್‌ಬ್ಯಾಕ್ ಕೆಲಸದಿಂದ ವ್ಯಕ್ತಿಯ ಕಡೆಗೆ ತಿರುಗಿದಷ್ಟೂ ಅದರ ಫಲ ಕುಗ್ಗುತ್ತದೆ ಅನ್ನುವುದು ಅವರ ವಿವರಣೆ. "ಫೀಡ್‌ಬ್ಯಾಕ್ ಒಳ್ಳೆಯದು, ಸಂಶೋಧನೆ ಹೇಳುತ್ತದೆ" ಅಂತ ಒಂದು ಸಾಲು ಕೊಟ್ಟರೆ ಮ್ಯಾನೇಜರ್ ಕೈಗೆ ಅರ್ಧ ಸತ್ಯ ಕೊಟ್ಟಂತೆ.

ಪೇಪರ್ ಆರಿಸುವವರು ಓದಬೇಕಾದ ಕ್ರಮವನ್ನೂ ಹೇಳಿಬಿಡುತ್ತೇನೆ. ಮೊದಲು ವಿಧಾನ, ಆಮೇಲೆ ಮಿತಿಗಳು, ಆಮೇಲೆ ಕೋಷ್ಟಕಗಳು, ಕೊನೆಗೆ ಪೀಠಿಕೆ. ವಿಧಾನದ ಭಾಗದಲ್ಲಿ ನಾಲ್ಕು ಕಡೆ ಬೆರಳಿಟ್ಟು ನೋಡಿ.

ಯಾರನ್ನು ನೋಡಿದರು? ವಿದ್ಯಾರ್ಥಿಗಳೋ, ಕೆಲಸದಲ್ಲಿರುವವರೋ? ಕಾರಣವನ್ನೂ ಫಲವನ್ನೂ ಒಬ್ಬರೇ ವ್ಯಕ್ತಿ, ಒಂದೇ ಪ್ರಶ್ನಾವಳಿಯಲ್ಲಿ, ಒಂದೇ ದಿನ ತುಂಬಿದ್ದಾರೆಯೇ? "ನಮ್ಮ ನಾಯಕರು ಒಳ್ಳೆಯವರು", "ನಮ್ಮ ಪ್ರಾಜೆಕ್ಟ್ ಗೆದ್ದಿತು" ಎರಡನ್ನೂ ಒಬ್ಬರೇ ಬರೆದರೆ ಅವೆರಡರ ನಡುವೆ ಸಂಬಂಧ ಕಾಣದಿದ್ದರೇ ಆಶ್ಚರ್ಯ. ಗೆದ್ದ ಪ್ರಾಜೆಕ್ಟ್‌ಗಳನ್ನು ಮಾತ್ರ ನೋಡಿದ್ದಾರೆಯೇ? ಸೋತವರೂ ಅದನ್ನೇ ಮಾಡಿದ್ದರೆ ಆ ಪಾಠಕ್ಕೆ ಬೆಲೆಯಿಲ್ಲ. ಕೊನೆಯದು, ಪರಿಣಾಮದ ಗಾತ್ರ ಎಷ್ಟು? ಕೋಷ್ಟಕದಲ್ಲಿ ನಕ್ಷತ್ರದ ಗುರುತು (ಫಲಿತಾಂಶ ಬರೀ ಆಕಸ್ಮಿಕವಲ್ಲ ಅನ್ನುವ ಸೂಚನೆ) ಎಷ್ಟಿದೆ ಅನ್ನುವುದು ಬೇರೆ ಮಾತು. ಸಾವಿರಾರು ಜನರ ಸಮೀಕ್ಷೆಯಲ್ಲಿ ಅತಿ ಸಣ್ಣ ವ್ಯತ್ಯಾಸಕ್ಕೂ ಮೂರು ನಕ್ಷತ್ರ ಬೀಳುತ್ತದೆ.

ಹೊಸ್ತಿಲು

ಇಲ್ಲಿ ಇನ್ನೂ ಯಾರೂ ಹೇಳದ ಒಂದು ಮಾತಿದೆ. ಸಂಶೋಧನೆ ಹೇಗೆ ಒಳಗೆ ಬರುತ್ತದೆ ಅನ್ನುವುದರ ಮೇಲೆಯೇ ಹಳೆಯ, ಗಟ್ಟಿ ಸಂಶೋಧನೆ ಇದೆ. ಎಂಐಟಿಯ ಥಾಮಸ್ ಆಲನ್ 1960ರ ದಶಕದಿಂದ ಪ್ರಯೋಗಾಲಯಗಳಲ್ಲಿ ಯಾರು ಯಾರ ಹತ್ತಿರ ಮಾತಾಡುತ್ತಾರೆ ಅಂತ ಎಣಿಸಿದರು. ಹೊರಗಿನ ಜ್ಞಾನ ಎಲ್ಲರಿಗೂ ಸಮನಾಗಿ ನೇರವಾಗಿ ಬರುವುದಿಲ್ಲ ಅಂತ ತಿಳಿಯಿತು. ಕೆಲವೇ ಕೆಲವರು ಹೊರಗೆ ಓದುತ್ತಾರೆ, ಹೊರಗಿನವರ ಸಂಪರ್ಕ ಇಟ್ಟುಕೊಳ್ಳುತ್ತಾರೆ, ಒಳಗಿನವರು ಸಂದೇಹ ಬಂದಾಗ ಅವರ ಹತ್ತಿರವೇ ಹೋಗುತ್ತಾರೆ. ಅವರಿಗೆ ಗೇಟ್‌ಕೀಪರ್ ಅನ್ನುವ ಹೆಸರು ಬಂತು. ನಮ್ಮ ಮಾತಿನಲ್ಲಿ ಹೊಸ್ತಿಲ ಮೇಲಿರುವವರು.

ಆದ್ದರಿಂದ ದಾರಿಬುತ್ತಿ ಅವರೇ, 40 ಜನರಿಗೂ ಹಂಚುವ ಕೆಲಸ ಬಿಡಿ. ಐದಾರು ಜನರನ್ನು ಗುರುತಿಸಿ. ಗುರುತಿಸಲು ಎರಡು ಪ್ರಶ್ನೆ ಸಾಕು, ಐದು ನಿಮಿಷದ ಫಾರಂ. ಒಂದು, "ಕಳೆದ ತಿಂಗಳು ಕೆಲಸದ ವಿಷಯದಲ್ಲಿ ಸಿಕ್ಕಿಬಿದ್ದಾಗ ಯಾರ ಹತ್ತಿರ ಹೋದಿರಿ? ಮೂರು ಹೆಸರು ಬರೆಯಿರಿ." ಎರಡು, "ಕಳೆದ ತಿಂಗಳು ಸಂಸ್ಥೆಯ ಹೊರಗಿನ ಯಾವ ಲೇಖನ, ಸಮ್ಮೇಳನ ಅಥವಾ ವ್ಯಕ್ತಿಯಿಂದ ಉಪಯುಕ್ತವಾದದ್ದು ಸಿಕ್ಕಿತು?" ಮೊದಲನೆಯದರಲ್ಲಿ ಹೆಚ್ಚು ಸಲ ಹೆಸರು ಬಂದವರು ಮತ್ತು ಎರಡನೆಯದಕ್ಕೆ ನಿಜವಾದ ಉತ್ತರ ಬರೆದವರು, ಈ ಎರಡೂ ಪಟ್ಟಿಯಲ್ಲಿ ಇರುವವರೇ ನಿಮಗೆ ಬೇಕಾದವರು. ಹುದ್ದೆ ನೋಡಿ ಆರಿಸಿದರೆ ಕೆಲಸ ಕೆಡುತ್ತದೆ. ಓದುವವರೆಂದು ಮಾತ್ರ ಆರಿಸಿದರೂ ಕೆಡುತ್ತದೆ, ಯಾಕೆಂದರೆ ಅವರ ಹತ್ತಿರ ಯಾರೂ ಹೋಗುವುದಿಲ್ಲ.

ಇದಕ್ಕೂ ಒಂದು ಷರತ್ತಿದೆ. ಟಶ್‌ಮನ್ ಮತ್ತು ಕಾಟ್ಜ್ 1980ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗೇಟ್‌ಕೀಪರ್ ಇದ್ದದ್ದು ಡೆವಲಪ್‌ಮೆಂಟ್ ಪ್ರಾಜೆಕ್ಟ್‌ಗಳಿಗೆ ನೆರವಾಯಿತು. ಸಂಶೋಧನಾ ಪ್ರಾಜೆಕ್ಟ್‌ಗಳಲ್ಲಿ ಸದಸ್ಯರು ತಾವೇ ನೇರವಾಗಿ ಹೊರಗಿನವರ ಜೊತೆ ಮಾತಾಡಿದ್ದೇ ಮೇಲಾಯಿತು. ಡೆವಲಪ್‌ಮೆಂಟ್ ಕೆಲಸದಲ್ಲಿ ಆಯಾ ಸಂಸ್ಥೆಗೇ ಸೀಮಿತವಾದ ಭಾಷೆ, ಅಭ್ಯಾಸ, ಗುರಿಗಳು ಬೆರೆತಿರುತ್ತವೆ, ಹಾಗಾಗಿ ನಡುವೆ ಅನುವಾದಿಸುವವರು ಬೇಕು. ಮ್ಯಾನೇಜರ್‌ಗಳ ಕೆಲಸವೂ ಹಾಗೆಯೇ ಅಂತ ನನ್ನ ಅಂದಾಜು. ಅಧ್ಯಯನ ನೇರವಾಗಿ ಅದನ್ನು ಹೇಳಿಲ್ಲ.

ಇನ್ನೊಂದು ಕಾಟ್ಜ್–ಆಲನ್ ಅಧ್ಯಯನ (1982) 50 ಆರ್ ಅಂಡ್ ಡಿ ಗುಂಪುಗಳದ್ದು. ಸದಸ್ಯರು ಒಟ್ಟಿಗಿದ್ದ ಸರಾಸರಿ ಅವಧಿ ಐದು ವರ್ಷ ದಾಟಿದ ಗುಂಪುಗಳಲ್ಲಿ ಹೊರಗಿನವರ ಜೊತೆ ಮಾತು ಕಡಿಮೆಯಾಗಿತ್ತು, ಸಾಧನೆಯೂ ಇಳಿದಿತ್ತು. ಹಳೆಯ ತಂಡಗಳಿಂದಲೇ "ಇದು ನಮಗೆ ಗೊತ್ತಿರುವುದೇ" ಅನ್ನುವ ಉತ್ತರ ಬಂದರೆ ಬೇಸರ ಮಾಡಿಕೊಳ್ಳಬೇಡಿ. ಅಲ್ಲಿಗೆ ಮೊದಲು ಹೋಗಿ.

ದಾರಿಬುತ್ತಿ

ತುಂಬಾ ಉಪಯೋಗವಾಯಿತು. ಹಾಗಾದರೆ ಆ ಐದಾರು ಜನರ ಕೈಗೆ ಏನು ಕೊಡಬೇಕು? ಪೂರ್ತಿ ಪೇಪರೇ? ಸಾರಾಂಶವೇ?

ಸರತಿಸಾಲು

ಎರಡೂ ಅಲ್ಲ. ಒಂದು ಹಾಳೆಯ ಕಾರ್ಡ್. ಸುಮಾರು 300 ಪದ, ಒಂದು ಬದಿ. ಮೇಲೆ ನಿರ್ಧಾರವನ್ನು ಪ್ರಶ್ನೆಯಾಗಿ ಬರೆಯಿರಿ, "ತಾರೀಕು ಕೇಳಿದಾಗ ಏನು ಹೇಳಬೇಕು?" ಹೀಗೆ. ಕೆಳಗೆ ಎರಡು ವಾಕ್ಯದಲ್ಲಿ ಫಲಿತಾಂಶ, ಅದರಲ್ಲಿ ಕನಿಷ್ಠ ಒಂದು ಅಂಕಿ. ಆಮೇಲೆ ಯಾರನ್ನು, ಎಷ್ಟು ಜನರನ್ನು ನೋಡಿ ಇದನ್ನು ಹೇಳಿದರು. ಆಮೇಲೆ ಇದು ಎಲ್ಲಿ ಹೊಂದುವುದಿಲ್ಲ. ಆಮೇಲೆ, ಕಾರ್ಡಿನ ಅರ್ಧ ಜಾಗ ತಿನ್ನಬೇಕಾದ ಭಾಗ: ನಿಮ್ಮ ತಂಡದ ದಾಖಲೆಯಲ್ಲೇ ಇದನ್ನು ಎರಡು ಗಂಟೆಯಲ್ಲಿ ಪರೀಕ್ಷಿಸುವುದು ಹೇಗೆ. ಕೊನೆಯಲ್ಲಿ ಕಾರ್ಡ್ ಬರೆದ ತಾರೀಕು, ಮರುಪರಿಶೀಲನೆಯ ತಾರೀಕು.

ಎಸ್ಟಿಮೇಟ್ ಕಾರ್ಡ್ ಹೀಗಿರಬಹುದು. ಬ್ಯೂಲರ್, ಗ್ರಿಫಿನ್, ರಾಸ್ 1994ರಲ್ಲಿ ಪ್ರಕಟಿಸಿದ ಅಧ್ಯಯನ. ಪದವಿಯ ಪ್ರಬಂಧ ಬರೆಯುತ್ತಿದ್ದ 37 ವಿದ್ಯಾರ್ಥಿಗಳು ಸರಾಸರಿ 33.9 ದಿನ ಬೇಕು ಅಂದರು, ಹಿಡಿದದ್ದು 55.5 ದಿನ. ಎಲ್ಲವೂ ಕೈಕೊಟ್ಟರೆ ಎಷ್ಟು ದಿನ ಅಂತ ಕೇಳಿದಾಗ 48.6 ಅಂದಿದ್ದರು. ನಿಜ ಅದನ್ನೂ ಮೀರಿತು. "ವರ್ಸ್ಟ್ ಕೇಸ್ ಹೇಳಿ" ಅಂತ ಕೇಳಿ ಅದನ್ನೇ ತಾರೀಕು ಮಾಡುವ ಮ್ಯಾನೇಜರ್‌ಗೆ ಈ ಮೂರನೇ ಅಂಕಿಯೇ ಮುಖ್ಯ.

ಎಲ್ಲಿ ಹೊಂದುವುದಿಲ್ಲ: ಇವು ಒಬ್ಬೊಬ್ಬರೇ ಮಾಡುವ ಬರವಣಿಗೆಯ ಕೆಲಸಗಳು, ಹತ್ತು ಜನರ ಎಂಜಿನಿಯರಿಂಗ್ ಕೆಲಸವಲ್ಲ. 55.5ನ್ನು 33.9ರಿಂದ ಭಾಗಿಸಿ ಬಂದ 1.64ನ್ನು ಎಲ್ಲಕ್ಕೂ ಗುಣಿಸಬೇಡಿ.

ಪರೀಕ್ಷೆ: ಇತ್ತೀಚೆಗೆ ಮುಗಿದ 20 ಕೆಲಸ ತೆಗೆದುಕೊಳ್ಳಿ, ಒಂದಾದ ಮೇಲೊಂದು, ಆರಿಸದೆ. ಪ್ರತಿಯೊಂದಕ್ಕೂ ಹಿಡಿದ ದಿನವನ್ನು ಮೊದಲ ಎಸ್ಟಿಮೇಟ್‌ನಿಂದ ಭಾಗಿಸಿ. ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ. 10 ಮತ್ತು 11ನೆಯದರ ನಡುವಿನದು ಮಧ್ಯಾಂಕ. 16ನೆಯದು, ಐದರಲ್ಲಿ ನಾಲ್ಕು ಸಲ ಸಾಕಾಗುವ ಗುಣಕ. ಮುಂದಿನ ಕೆಲಸದ ಎಸ್ಟಿಮೇಟನ್ನು ಈ ಎರಡರಿಂದ ಗುಣಿಸಿ ಎರಡು ತಾರೀಕಾಗಿ ಹೇಳಿ.

ಇಲ್ಲಿ ಕೆಡುವುದು ಎರಡು ಕಡೆ. ಟ್ರ್ಯಾಕಿಂಗ್ ಸಾಫ್ಟ್‌ವೇರ್‌ನಲ್ಲಿ ಎಸ್ಟಿಮೇಟನ್ನು ತಿದ್ದಿ ತಿದ್ದಿ ಕೊನೆಯದಷ್ಟೇ ಉಳಿದಿರುತ್ತದೆ. ಅದನ್ನು ತೆಗೆದುಕೊಂಡರೆ ಎಲ್ಲ ಗುಣಕವೂ 1ರ ಹತ್ತಿರ ಬರುತ್ತದೆ, ಮ್ಯಾನೇಜರ್ ಖುಷಿಯಾಗುತ್ತಾರೆ, ಲೆಕ್ಕ ಸುಳ್ಳಾಗುತ್ತದೆ. ಬದಲಾವಣೆಯ ಇತಿಹಾಸ ತೆರೆದು ಮೊದಲನೆಯದನ್ನೇ ತೆಗೆಯಬೇಕು. ಎರಡನೆಯದು, "ಅದರಲ್ಲಿ ಕೆಲಸದ ವ್ಯಾಪ್ತಿ ಬದಲಾಯಿತು, ಅದನ್ನು ಬಿಡಿ" ಅನ್ನುತ್ತಾರೆ. ಬಿಡಬಾರದು. ಮುಂದಿನ ಕೆಲಸದಲ್ಲೂ ವ್ಯಾಪ್ತಿ ಬದಲಾಗುತ್ತದೆ.

ಓದುಮನೆ

ಒಂದು ಕಾರ್ಡಿಗೆ ತಗಲುವ ಸಮಯದ ಬಗ್ಗೆ ಸ್ಪಷ್ಟವಾಗಿರಿ, ಇಲ್ಲವಾದರೆ ಎರಡೇ ತಿಂಗಳಲ್ಲಿ ಕೆಲಸ ನಿಂತುಹೋಗುತ್ತದೆ. ಹುಡುಕುವುದಕ್ಕೆ ಒಂದೂವರೆ ಗಂಟೆ, ಓದುವುದಕ್ಕೆ ಎರಡು, ಬರೆಯುವುದಕ್ಕೆ ಎರಡು, ಒಬ್ಬ ಮ್ಯಾನೇಜರ್ ಓದಿ ತಿದ್ದಿಸುವುದಕ್ಕೆ ಅರ್ಧ. ಅಂದರೆ ಆರು ಗಂಟೆ. ತಿಂಗಳಿಗೆ ಒಂದಕ್ಕಿಂತ ಹೆಚ್ಚು ಮಾಡಬೇಡಿ.

ಹುಡುಕುವ ಕ್ರಮ: ಬಿಡಿ ಪೇಪರ್‌ನಿಂದ ಶುರು ಮಾಡದೆ, ಆ ಪ್ರಶ್ನೆಯ ಮೇಲೆ ಯಾರಾದರೂ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ್ದಾರೆಯೇ ನೋಡಿ. ಸಿಕ್ಕ ಮೇಲೆ, ಅದನ್ನು ಆಮೇಲೆ ಯಾರು ಉಲ್ಲೇಖಿಸಿದ್ದಾರೆ ಅಂತ ಮುಂದಕ್ಕೆ ಹೋಗಿ. ಹಳೆಯದನ್ನು ಹೊಸದು ಕಡಿದಿದ್ದರೆ ಅಲ್ಲೇ ಗೊತ್ತಾಗುತ್ತದೆ. ಜರ್ನಲ್‌ಗಳ ವಿಷಯ: ಎಲೆಕ್ಟ್ರಿಕಲ್ ಮತ್ತು ಎಲೆಕ್ಟ್ರಾನಿಕ್ಸ್ ಎಂಜಿನಿಯರ್‌ಗಳ ಐ ಟ್ರಿಪಲ್ ಇ ಸಂಸ್ಥೆಯ ಎಂಜಿನಿಯರಿಂಗ್ ಮ್ಯಾನೇಜ್‌ಮೆಂಟ್ ಟ್ರಾನ್ಸಾಕ್ಷನ್ಸ್ 1954ರಲ್ಲಿ, ಸಂಸ್ಥೆ ಇನ್ನೂ ಐಆರ್‌ಇ (ರೇಡಿಯೊ ಎಂಜಿನಿಯರ್‌ಗಳ ಸಂಸ್ಥೆ) ಆಗಿದ್ದಾಗಲೇ ಶುರುವಾದದ್ದು. ಅದು ಸಂಶೋಧಕರಿಗಾಗಿ ಬರೆದದ್ದು. ಅದೇ ಸಂಸ್ಥೆಯ ಎಂಜಿನಿಯರಿಂಗ್ ಮ್ಯಾನೇಜ್‌ಮೆಂಟ್ ರಿವ್ಯೂ ಕೆಲಸದಲ್ಲಿರುವ ಮ್ಯಾನೇಜರ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡದ್ದು, ಅಲ್ಲಿಂದ ಹೊಕ್ಕರೆ ಸುಲಭ. ರಿಸರ್ಚ್-ಟೆಕ್ನಾಲಜಿ ಮ್ಯಾನೇಜ್‌ಮೆಂಟ್ ಕೂಡ ಹಾಗೆಯೇ.

ಚಂದಾ ಇಲ್ಲದಿದ್ದರೆ ಲೇಖಕರ ವಿಶ್ವವಿದ್ಯಾಲಯದ ಭಂಡಾರದಲ್ಲಿ ಅಂಗೀಕೃತ ಪ್ರತಿ ಇದೆಯೇ ನೋಡಿ. ಇಲ್ಲವಾದರೆ ಲೇಖಕರಿಗೇ ನಾಲ್ಕು ಸಾಲು ಬರೆಯಿರಿ. ಪೇಪರ್ ಜೊತೆ ಪ್ರಶ್ನಾವಳಿಯನ್ನೂ ಕೇಳಿ. ಏನನ್ನು ಅಳೆದರು ಅನ್ನುವುದು ಅದರಲ್ಲೇ ನಿಜವಾಗಿ ಕಾಣುವುದು. ಪೇಪರ್‌ನ ಹೆಸರಿನಲ್ಲಿ "ತಂಡದ ಚುರುಕುತನ" ಅಂತಿರುತ್ತದೆ, ಪ್ರಶ್ನಾವಳಿಯಲ್ಲಿ ನೋಡಿದರೆ "ನಮ್ಮ ತಂಡ ಬೇಗ ಹೊಂದಿಕೊಳ್ಳುತ್ತದೆ, ಒಪ್ಪುತ್ತೀರಾ?" ಅಂತ ಮೂರು ಸಾಲು ಇರುತ್ತದೆ.

ಚೌಕಮನೆ

ಇಂಟರ್‌ವ್ಯೂ ವಿಷಯ ಪಟ್ಟಿಯಲ್ಲಿ ಇದ್ದೇ ಇರುತ್ತದೆ. ಅದಕ್ಕೆ ಶ್ಮಿಟ್ ಮತ್ತು ಹಂಟರ್ 1998ರ ಲೇಖನ ಸಾಕು. ಆಯ್ಕೆಯಲ್ಲಿ ಬಂದ ಅಂಕಕ್ಕೂ ಆಮೇಲಿನ ಕೆಲಸದ ಸಾಧನೆಗೂ ಎಷ್ಟು ನಂಟು ಅನ್ನುವುದನ್ನು ಅದು 0ಯಿಂದ 1ರ ಅಳತೆಯಲ್ಲಿ ಹೇಳುತ್ತದೆ. ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಅಂಕಪಟ್ಟಿ ಇಟ್ಟ ಇಂಟರ್‌ವ್ಯೂ 0.51, ಸಾಮಾನ್ಯ ಬುದ್ಧಿಶಕ್ತಿಯ ಪರೀಕ್ಷೆಯೂ 0.51. ಎರಡೂ ಸಮ, ಎರಡನ್ನೂ ಸೇರಿಸಿ ಅಂತ ಕಾರ್ಡ್ ಬರೆಯಬಹುದು.

ಅಳತೆಗೋಲು

ಚೌಕಮನೆ ಅವರೇ, ಆ ಅಂಕಿ ಈಗ ಹಾಗೇ ಕೊಡುವಂತಿಲ್ಲ. ಸ್ಯಾಕೆಟ್ ಮತ್ತು ಸಂಗಡಿಗರು 2022ರಲ್ಲಿ ಅದೇ ಕ್ಷೇತ್ರವನ್ನು ಮತ್ತೆ ಲೆಕ್ಕ ಹಾಕಿದರು. ಕೆಲಸಕ್ಕೆ ಆಯ್ಕೆಯಾದವರ ಅಂಕಗಳ ಹರವು ಅರ್ಜಿ ಹಾಕಿದವರಿಗಿಂತ ಕಿರಿದು ಅಂತ ಮಾಡುವ ತಿದ್ದುಪಡಿಯನ್ನು ಹಿಂದೆ ಬೇಕಾದ್ದಕ್ಕಿಂತ ಹೆಚ್ಚು ಮಾಡಲಾಗಿತ್ತು ಅನ್ನುವುದು ಅವರ ವಾದ. ಹೊಸ ಲೆಕ್ಕದಲ್ಲಿ ಕ್ರಮಬದ್ಧ ಇಂಟರ್‌ವ್ಯೂ 0.42, ಬುದ್ಧಿಶಕ್ತಿ ಪರೀಕ್ಷೆ 0.31. ಕ್ರಮಬದ್ಧ ಇಂಟರ್‌ವ್ಯೂ ಮಾಡಿ ಅನ್ನುವ ಸಲಹೆ ಉಳಿಯಿತು, ಇನ್ನೂ ಗಟ್ಟಿಯಾಯಿತು. "ಎರಡೂ ಸಮ" ಅನ್ನುವುದು ಬಿತ್ತು. ಕಾರ್ಡಿಗೆ ಮರುಪರಿಶೀಲನೆಯ ತಾರೀಕು ಬೇಕು ಅಂದದ್ದು ಇದಕ್ಕೇ. ಎರಡು ವರ್ಷ ಸಾಕು ಅನ್ನಿಸುತ್ತದೆ.

ಚೌಕಮನೆ

ಸರಿ, ಒಪ್ಪಿದೆ. 2022ರದ್ದನ್ನು ಗಮನಿಸಿರಲಿಲ್ಲ, ತಿದ್ದಿದ್ದಕ್ಕೆ ಧನ್ಯವಾದ.

ನನ್ನ ಹೆಸರಿಗೆ ತಕ್ಕ ವಿಷಯ ಒಂದು ಸೇರಿಸುತ್ತೇನೆ. ಕೆಲವು ಪೇಪರ್‌ಗಳಲ್ಲಿ ಫಲಿತಾಂಶಕ್ಕಿಂತ ವಿಧಾನವನ್ನೇ ಎತ್ತಿಕೊಂಡು ಹೋಗಬಹುದು. ಡೊನಾಲ್ಡ್ ಸ್ಟೀವರ್ಡ್ 1981ರಲ್ಲಿ ಮೇಲೆ ಹೇಳಿದ ಟ್ರಾನ್ಸಾಕ್ಷನ್ಸ್‌ನಲ್ಲೇ ಬರೆದ ಡಿಸೈನ್ ಸ್ಟ್ರಕ್ಚರ್ ವಿಧಾನ ಅಂಥದ್ದು. 12–15 ಕೆಲಸಗಳನ್ನು ಅಡ್ಡಸಾಲಿಗೂ ಕಂಬಸಾಲಿಗೂ ಒಂದೇ ಕ್ರಮದಲ್ಲಿ ಬರೆಯಿರಿ. ಅಡ್ಡಸಾಲಿನ ಕೆಲಸಕ್ಕೆ ಯಾವ ಯಾವ ಕಂಬಸಾಲಿನಿಂದ ಮಾಹಿತಿ ಬೇಕೋ ಅಲ್ಲಿ ಗುರುತು ಹಾಕಿ. ಮೇಲಿನ ಎಡ ಮೂಲೆಯಿಂದ ಕೆಳಗಿನ ಬಲ ಮೂಲೆಗೆ ಎಳೆದ ಗೆರೆಯ ಮೇಲ್ಭಾಗದಲ್ಲಿ ಗುರುತು ಬಿದ್ದರೆ, ಮುಂದೆ ಮಾಡುವ ಕೆಲಸದ ಮಾಹಿತಿ ಹಿಂದಿನದಕ್ಕೆ ಬೇಕು ಅಂತ ಅರ್ಥ. ಅಲ್ಲಿ ಊಹೆಯ ಮೇಲೆ ಕೆಲಸ ನಡೆಯುತ್ತದೆ, ಮತ್ತೆ ಮಾಡಬೇಕಾಗುತ್ತದೆ. ಸಾಲುಗಳನ್ನು ಅದಲುಬದಲು ಮಾಡಿ ಮೇಲಿನ ಗುರುತುಗಳನ್ನು ಕಡಿಮೆ ಮಾಡಿ. ಎಷ್ಟು ಸರಿಸಿದರೂ ಹೋಗದ ಗುಂಪನ್ನು ಒಂದೇ ಮೇಜಿನ ಸುತ್ತ ಕೂರಿಸಿ. ಮಾಹಿತಿ ಕೊಡುವವರನ್ನು ಕೇಳಿ ಗುರುತು ಹಾಕಿದರೆ ಅರ್ಧ ತಪ್ಪಿಹೋಗುತ್ತದೆ, ಪಡೆಯುವವರನ್ನು ಕೇಳಬೇಕು. ಎರಡು ಗಂಟೆಯಲ್ಲಿ ಒಂದು ಮಧ್ಯಮ ಗಾತ್ರದ ಪ್ರಾಜೆಕ್ಟಿನ ಚಿತ್ರ ಸಿಗುತ್ತದೆ.

ಹೊಸ್ತಿಲು

ಕಾರ್ಡ್ ಸಿದ್ಧವಾದ ಮೇಲೆ ಕೂರುವ ರೀತಿ. ಆರರಿಂದ ಎಂಟು ಮ್ಯಾನೇಜರ್‌ಗಳು, 45 ನಿಮಿಷ, ಸ್ಲೈಡ್ ಬೇಡ. ಮೊದಲ 8 ನಿಮಿಷ ಎಲ್ಲರೂ ಅಲ್ಲೇ ಮೌನವಾಗಿ ಕಾರ್ಡ್ ಓದುತ್ತಾರೆ. "ಓದಿಕೊಂಡು ಬನ್ನಿ" ಅಂದರೆ ಬಂದವರಲ್ಲಿ ಇಬ್ಬರು ಓದಿರುತ್ತಾರೆ, ಉಳಿದವರು ಆ ಇಬ್ಬರ ಮಾತಿನ ಮೇಲೆ ಅಭಿಪ್ರಾಯ ಕೊಡುತ್ತಾರೆ. ಮುಂದಿನ 7 ನಿಮಿಷ ಅರ್ಥವಾಗದ್ದನ್ನು ಮಾತ್ರ ಕೇಳುವುದು. ಆಮೇಲೆ 20 ನಿಮಿಷ ಒಂದೇ ಪ್ರಶ್ನೆ: "ಇದು ನಮ್ಮಲ್ಲಿ ಯಾಕೆ ಹೊಂದದೆ ಇರಬಹುದು?" ವಿರೋಧವನ್ನು ಹೀಗೆ ಕೇಳಿ ತೆಗೆದುಕೊಂಡರೆ ಅದು ಷರತ್ತಾಗಿ ಬದಲಾಗುತ್ತದೆ. ಕೇಳದೆ ಬಿಟ್ಟರೆ ಹೊರಗೆ ಹೋಗಿ ಗೊಣಗಾಟವಾಗುತ್ತದೆ. ಕೊನೆಯ 10 ನಿಮಿಷದಲ್ಲಿ ಯಾರು, ಯಾವ ಒಂದು ನಿರ್ಧಾರದಲ್ಲಿ, ಯಾವ ತಾರೀಕಿನೊಳಗೆ ಪರೀಕ್ಷಿಸುತ್ತಾರೆ ಅಂತ ಹೆಸರು ಹಾಕಿ ಬರೆಯುವುದು. ಒಬ್ಬರು ಒಪ್ಪಿದರೂ ಸಾಕು. ಯಾರೂ ಒಪ್ಪದಿದ್ದರೆ ಆ ಕಾರ್ಡನ್ನು ವಾಪಸ್ ತೆಗೆದುಕೊಂಡು ತಿದ್ದಿ, ಒತ್ತಾಯ ಬೇಡ.

ಮೇಲಿನ ಅಧಿಕಾರಿಗಳು ಆ ಕೋಣೆಯಲ್ಲಿ ಇರಬಾರದು. ಎಮಿ ಎಡ್ಮಂಡ್ಸನ್ ಆಸ್ಪತ್ರೆಗಳ ಔಷಧ ತಪ್ಪುಗಳನ್ನು ನೋಡಿದಾಗ ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪು ದಾಖಲಾಗಿತ್ತು, ಯಾಕೆಂದರೆ ಅಲ್ಲಿ ಹೇಳಿಕೊಳ್ಳಲು ಭಯವಿರಲಿಲ್ಲ. ತಮ್ಮ ತಂಡದ ಗುಣಕ 2.4 ಅಂತ ಮ್ಯಾನೇಜರ್ ಬಾಯಿಬಿಟ್ಟು ಹೇಳಬೇಕಾದರೆ ಅಂಥದ್ದೇ ಜಾಗ ಬೇಕು.

ದಾರಿಬುತ್ತಿ

ಮೂರನೆಯ ಪ್ರಶ್ನೆ ಉಳಿಯಿತು. ಫಲ ಕೊಟ್ಟಿತೋ ಇಲ್ಲವೋ ತಿಳಿಯುವುದು ಹೇಗೆ? ಅತಿ ಕಷ್ಟದಲ್ಲಿರುವ ತಂಡದಲ್ಲಿ ಮೊದಲು ಮಾಡಿ ನೋಡೋಣ ಅಂದುಕೊಂಡಿದ್ದೆ.

ಅಳತೆಗೋಲು

ದಯವಿಟ್ಟು ಅದೊಂದು ಮಾಡಬೇಡಿ. ಈ ತಿಂಗಳು ಅತಿ ಕೆಟ್ಟ ಅಂಕಿ ಬಂದ ತಂಡವನ್ನು ಆರಿಸಿದರೆ, ಏನೂ ಮಾಡದಿದ್ದರೂ ಮುಂದಿನ ತಿಂಗಳು ಅದು ಸ್ವಲ್ಪ ಮೇಲೆ ಬರುವ ಸಾಧ್ಯತೆಯೇ ಹೆಚ್ಚು. ಕೆಟ್ಟ ಅಂಕಿಯಲ್ಲಿ ಒಂದು ಪಾಲು ನಿಜವಾದ ತೊಂದರೆ, ಇನ್ನೊಂದು ಪಾಲು ಆ ತಿಂಗಳ ದುರದೃಷ್ಟ. ದುರದೃಷ್ಟ ಪ್ರತಿ ತಿಂಗಳೂ ಬರುವುದಿಲ್ಲ. ನೀವು ಮಾಡಿದ್ದಕ್ಕೆ ಫಲ ಬಂತು ಅಂತ ಬರೆದುಬಿಡುತ್ತೀರಿ, ಅದನ್ನು 40 ತಂಡಕ್ಕೂ ಹರಡುತ್ತೀರಿ, ಅಲ್ಲಿ ಏನೂ ಆಗುವುದಿಲ್ಲ, ಆಮೇಲೆ ಸಂಶೋಧನೆ ಅನ್ನುವ ಮಾತೇ ಯಾರಿಗೂ ಬೇಡವಾಗುತ್ತದೆ.

ನಡುಮಟ್ಟದ ಎರಡು ಮೂರು ತಂಡ ಆರಿಸಿ. ಹಿಂದಿನ ಕನಿಷ್ಠ 8 ವಾರದ ಅಂಕಿ ಮೊದಲೇ ಬರೆದಿಡಿ. ಶುರು ಮಾಡುವ ಮೊದಲು "ಇಷ್ಟು ಬದಲಾದರೆ ಮುಂದುವರಿಸುತ್ತೇವೆ, ಇಲ್ಲವಾದರೆ ನಿಲ್ಲಿಸುತ್ತೇವೆ" ಅಂತ ಒಂದು ಸಾಲು ಬರೆದು ತಾರೀಕು ಹಾಕಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಅದೇ ವಾರದಲ್ಲಿ ಹೊಸ ಸಾಫ್ಟ್‌ವೇರ್ ಕೂಡ ತಂದರೆ ಯಾವುದರಿಂದ ಏನಾಯಿತು ಅಂತ ಹೇಳಲಾಗುವುದಿಲ್ಲ. ಅದೇ ರೀತಿಯ, ಬದಲಾವಣೆ ಮಾಡದ ಒಂದು ತಂಡದ ಅಂಕಿಯನ್ನೂ ಪಕ್ಕದಲ್ಲಿಟ್ಟುಕೊಳ್ಳಿ.

ತಂಡದವರಿಗೆ ಮೊದಲೇ ಹೇಳಿ ಮಾಡಿ. ಹೇಳದೆ ಪ್ರಯೋಗ ಮಾಡುವುದು ಸರಿಯಲ್ಲ. ಈ ಅಂಕಿಗಳನ್ನು ಯಾರ ಅಪ್ರೈಸಲ್‌ಗೂ ಕಟ್ಟಬೇಡಿ. ಕಟ್ಟಿದ ದಿನದಿಂದ ಆ ಅಂಕಿ ಕೆಲಸವನ್ನು ತೋರಿಸುವುದಿಲ್ಲ, ಭಯವನ್ನು ತೋರಿಸುತ್ತದೆ.

ಓದುಮನೆ

ಎಷ್ಟು ಜನ ಕಾರ್ಡ್ ತೆರೆದರು, ಎಷ್ಟು ಜನ ಬಂದರು ಅನ್ನುವುದನ್ನು ಯಶಸ್ಸು ಅಂತ ಎಣಿಸಬೇಡಿ. ನಿರ್ಧಾರದ ಟಿಪ್ಪಣಿಗಳಲ್ಲಿ ಹುಡುಕಿ. ತಾರೀಕು ಕೊಟ್ಟ ಮೇಲ್‌ನಲ್ಲಿ ಒಂದರ ಬದಲು ಎರಡು ತಾರೀಕು ಇದೆಯೇ, ಇಂಟರ್‌ವ್ಯೂ ಫೈಲಿನಲ್ಲಿ ಅಂಕಪಟ್ಟಿ ಇದೆಯೇ. ಮೂರು ತಿಂಗಳಿಗೊಮ್ಮೆ ಇಂಥ 10 ದಾಖಲೆ ತೆರೆದು ನೋಡಿದರೆ ಸಾಕು.

ಸಂಶೋಧಕರ ಕಡೆಗೂ ಒಂದು ದಾರಿ ತೆರೆದಿಡಿ. ಪರೀಕ್ಷೆ ಸೋತರೆ ಲೇಖಕರಿಗೆ ಬರೆದು ತಿಳಿಸಿ, ಯಾವ ಷರತ್ತಿನಲ್ಲಿ ಸೋತಿತು ಅನ್ನುವುದನ್ನೂ ಸೇರಿಸಿ. ಅದು ಅವರಿಗೆ ಬೇರೆಲ್ಲೂ ಸಿಗದ ಮಾಹಿತಿ.

ದಾರಿಬುತ್ತಿ

ಎಲ್ಲರ ಮಾತು ಸೇರಿಸಿ ಮೊದಲ ಕಾರ್ಡಿನ ಕರಡು ಮಾಡಿದೆ. ಅಂಕಿಗಳು ಮಾದರಿಗೆ ಮಾತ್ರ. ಪ್ರಶ್ನೆ: ಟೆಸ್ಟ್ ಚೇಂಬರ್‌ಗೆ (ನಮೂನೆಯನ್ನು ಒಳಗಿಟ್ಟು ಪರೀಕ್ಷಿಸುವ ಕೋಣೆ) ಸರತಿ ಬೆಳೆಯುತ್ತಿದೆ, ಇನ್ನೊಂದು ಚೇಂಬರ್ ಬೇಕೇ? ಆಧಾರ: ಕಿಂಗ್‌ಮನ್ 1961ರ ಸೂತ್ರ. ಕಾಯುವ ಸಮಯ ಸುಮಾರಾಗಿ = ಬಳಕೆ ÷ (1 − ಬಳಕೆ) × ಏರಿಳಿತ × ಒಂದು ಪರೀಕ್ಷೆಯ ಅವಧಿ. ಬಳಕೆ ಅಂದರೆ ಚೇಂಬರ್ ಖಾಲಿಯಿಲ್ಲದ ಸಮಯದ ಪಾಲು, ಏರಿಳಿತ ಅಂದರೆ ಕೋರಿಕೆಗಳ ನಡುವಿನ ಅಂತರ ಮತ್ತು ಪರೀಕ್ಷೆಯ ಅವಧಿ ಎಷ್ಟು ಹೆಚ್ಚುಕಡಿಮೆ ಆಗುತ್ತವೆ ಅನ್ನುವುದು. ಏರಿಳಿತ 1 ಅಂತ ಇಟ್ಟುಕೊಂಡೆ. 26 ವಾರ, 130 ಕೆಲಸದ ದಿನ, 47 ಪರೀಕ್ಷೆ, ತಲಾ 2 ದಿನ. 94 ÷ 130 = 72%. ಕಾಯುವ ಸಮಯ 2.6 × 2, ಅಂದರೆ ಸುಮಾರು 5 ದಿನ. ಹಾಗಾದರೆ ಚೇಂಬರ್ ಸಾಕು ಅನ್ನುವ ಉತ್ತರ ಬರುತ್ತದೆ. ಆದರೆ ಜನ ನಾಲ್ಕು ವಾರ ಕಾಯುತ್ತೇವೆ ಅನ್ನುತ್ತಾರೆ.

ಸರತಿಸಾಲು

ಜನ ಹೇಳುವುದೇ ನಿಜ, ಕಾರ್ಡ್ ತಪ್ಪು. ಚೇಂಬರ್ ಬಾಗಿಲು ಮುಚ್ಚಿ ಪರೀಕ್ಷೆ ಓಡುವ ಹೊತ್ತನ್ನು ಮಾತ್ರ ಎಣಿಸಿದ್ದೀರಿ. ಫಿಕ್ಸ್ಚರ್ (ನಮೂನೆಯನ್ನು ಹಿಡಿದಿಡುವ ಚೌಕಟ್ಟು) ಕೂರಿಸುವುದು, ಸೆನ್ಸರ್ ತಂತಿ ಎಳೆಯುವುದು, ಮುಗಿದ ಮೇಲೆ ಬಿಚ್ಚುವುದು, ಇದಕ್ಕೆಲ್ಲ ಚೇಂಬರ್ ಬೇರೆಯವರಿಗೆ ಸಿಗುವುದಿಲ್ಲ. ಪರೀಕ್ಷೆಗೆ ಅರ್ಧ ದಿನ ಅಂತ ಹಿಡಿದರೂ 2 ದಿನ 2.5 ಆಗುತ್ತದೆ. 47 × 2.5 = 117.5 ದಿನ, ಬಳಕೆ 90.4%. ಕಾಯುವ ಸಮಯ 9.4 × 2.5, ಸುಮಾರು 23.5 ಕೆಲಸದ ದಿನ. ಅದು ನಾಲ್ಕೂವರೆ ವಾರಕ್ಕಿಂತ ಸ್ವಲ್ಪ ಹೆಚ್ಚು. ಅರ್ಧ ದಿನ ಬಿಟ್ಟುಹೋದದ್ದಕ್ಕೆ ಉತ್ತರ 5ರಿಂದ 23ಕ್ಕೆ ಹಾರಿತು. ಬಳಕೆ 90% ದಾಟಿದ ಕಡೆ ಈ ಸೂತ್ರ ಹೀಗೇ ಕಡಿದಾಗಿ ಏರುತ್ತದೆ.

ಈಗ ಇನ್ನೊಂದು ಚೇಂಬರ್ ಅನ್ನುವ ಮೊದಲು ಇನ್ನೊಂದು ಸೆಟ್ ಫಿಕ್ಸ್ಚರ್ ಲೆಕ್ಕ ಹಾಕಿ. ಮುಂದಿನ ನಮೂನೆಯನ್ನು ಹೊರಗಿನ ಮೇಜಿನ ಮೇಲೇ ಜೋಡಿಸಿ ಇಟ್ಟರೆ ಒಳಗಿನ ಹೊತ್ತು ಕಾಲು ದಿನಕ್ಕೆ ಇಳಿಯಿತು ಅಂದುಕೊಳ್ಳಿ. 47 × 2.25 = 105.75 ದಿನ, ಬಳಕೆ 81.3%, ಕಾಯುವ ಸಮಯ ಸುಮಾರು 10 ದಿನ. ಕಾರ್ಡಿನ ಪ್ರಶ್ನೆಯನ್ನೇ "ಚೇಂಬರ್ ಒಳಗೆ ಪರೀಕ್ಷೆಯಲ್ಲದ ಯಾವ ಕೆಲಸ ನಡೆಯುತ್ತಿದೆ?" ಅಂತ ಬದಲಿಸಿ.

ಅಳತೆಗೋಲು

ಏರಿಳಿತ 1 ಅನ್ನುವುದನ್ನು ಊಹೆಯಾಗಿ ಬಿಡಬೇಡಿ. ಲಾಗ್‌ಬುಕ್‌ನಿಂದ ಎರಡು ಕಾಲಂ ತೆಗೆಯಿರಿ: ಒಂದು ಕೋರಿಕೆಗೂ ಮುಂದಿನದಕ್ಕೂ ನಡುವಿನ ದಿನಗಳು, ಪ್ರತಿ ಪರೀಕ್ಷೆ ಚೇಂಬರ್ ಹಿಡಿದ ದಿನಗಳು. ಪ್ರತಿ ಕಾಲಂನ ಮಾನಕ ವಿಚಲನೆಯನ್ನು ಅದರ ಸರಾಸರಿಯಿಂದ ಭಾಗಿಸಿ ವರ್ಗ ಮಾಡಿ. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ ನಿಮ್ಮ ಏರಿಳಿತ. ಅದು 0.5 ಬಂದರೆ ಕಾಯುವ ದಿನಗಳೂ ಅರ್ಧ. ಮಾಪನಾಂಕ ನಿರ್ಣಯಕ್ಕೆ ಚೇಂಬರ್ ನಿಂತ ದಿನಗಳನ್ನು 130ರಿಂದ ಕಳೆಯಿರಿ. ಇದು ಒಂದೇ ಚೇಂಬರ್‌ನ ಸೂತ್ರ. ಎರಡಿದ್ದರೆ ಹೀಗೇ ಹಾಕಬಾರದು ಅನ್ನುವುದು "ಎಲ್ಲಿ ಹೊಂದುವುದಿಲ್ಲ" ಅನ್ನುವ ಸಾಲಿಗೆ ಹೋಗಲಿ.

ದಾರಿಬುತ್ತಿ

ಮೂರೂ ಸೇರಿಸಿದೆ. ನಿಲ್ಲಿಸುವ ಸಾಲು ಹೀಗೆ ಬರೆದಿದ್ದೇನೆ: "ಎರಡನೇ ಸೆಟ್ ಫಿಕ್ಸ್ಚರ್ ಬಂದ 8 ವಾರದ ನಂತರ, ಕೋರಿಕೆ ಬಂದ ದಿನದಿಂದ ಚೇಂಬರ್‌ಗೆ ಏರಿಸಿದ ದಿನದವರೆಗಿನ ಮಧ್ಯಾಂಕ 15 ಕೆಲಸದ ದಿನಕ್ಕಿಂತ ಕೆಳಗೆ ಬರದಿದ್ದರೆ ಈ ಕಾರ್ಡ್ ವಾಪಸ್." ಕೋರಿಕೆ ಬಂದ ದಿನ ಅಂದರೆ ಫಾರಂ ಸಲ್ಲಿಸಿದ ದಿನ, ಅನುಮೋದನೆಯಾದ ದಿನವಲ್ಲ ಅಂತಲೂ ಕೆಳಗೆ ಬರೆದಿದ್ದೇನೆ.